ಮಗಳು ಮರಳಿ ಕೊಡಬೇಕಾದ ಮನೆ

ಕಾರ್ಪಥೋಸ್
ಭಾನುವಾರ, ೨೦ ಅಕ್ಟೋಬರ್ ೨೦೧೩

ನನ್ನ ಕಣ್ಣೇ ರಿಗೊಪೂಲಾ,

ಇಲ್ಲಿ ಗಾಳಿ ಬಿಟ್ಟೂ ಬಿಡದೆ ಬೀಸುತ್ತಿದೆ. ಗೋಡೆಯ ಮೇಲಿನ ತಟ್ಟೆಗಳು ಒಂದಕ್ಕೊಂದು ತಾಗಿ ಪಿಸುಗುಟ್ಟುತ್ತವೆ. ಮಧ್ಯಾಹ್ನ ಮರದ ಜಗಲಿಯ ಮೇಲೆ ಹಾಸಿಗೆ ಬಿಡಿಸಿ ಕಣ್ಣು ಮುಚ್ಚಿದರೆ, ಅದು ತಟ್ಟೆಗಳ ಸದ್ದೋ ನನ್ನಮ್ಮ ಒಲೆಯ ಹತ್ತಿರ ಓಡಾಡುವ ಸದ್ದೋ ತಿಳಿಯುವುದಿಲ್ಲ. ತಿಳಿದುಕೊಳ್ಳುವ ಆತುರವೂ ನನಗಿಲ್ಲ. ಎದ್ದು ನೋಡಿದರೆ ಅವಳಿರುವುದಿಲ್ಲ, ಅಷ್ಟೇ ತಾನೇ.

ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ನೀನು ಅಲ್ಲಿ ಪಿರೇಯಸ್ಸಿನಲ್ಲಿ ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಎಲ್ಲಿ ಬಿಡುತ್ತೀಯ? ಅರ್ಧಕ್ಕೇ “ಅಮ್ಮಾ, ವಿಷಯಕ್ಕೆ ಬಾ” ಅನ್ನುತ್ತೀಯ. ಈ ವಿಷಯಕ್ಕೆ ಸುತ್ತಿ ಬಳಸಿ ಬಂದರೇ ನನಗೆ ಧೈರ್ಯ.

ಮೊದಲನೆಯದಾಗಿ, ವಕೀಲೆ ಎವ್ದೊಕಿಯಾಳನ್ನು ಬೈಯುವುದು ನಿಲ್ಲಿಸು. ಆ ಹುಡುಗಿ ಸೋಮಾರಿಯಲ್ಲ. ದಾರಿಯನ್ನು ಅವಳು ಬೇಸಿಗೆಯಲ್ಲೇ ಹೇಳಿಯಾಗಿತ್ತು. “ವಕೀಲರು ಕಾಯಿರಿ ಅಂದಿದ್ದಾರೆ” ಎಂದು ನಿನಗೆ ಹೇಳುತ್ತಾ ಬಂದವಳು ನಾನು.

ನಿನ್ನಪ್ಪ ಅಥೆನ್ಸಿನ ಆಸ್ಪತ್ರೆಯಲ್ಲಿದ್ದಾಗ ತಂದ ಸಾಲ ನನ್ನ ಹೆಸರಿನಲ್ಲಿತ್ತು. ನನ್ನ ಮಿನಾಸ್ ಉಳಿಯಲಿಲ್ಲ. ಆಮೇಲೆ ಸರ್ಕಾರ ನನ್ನ ಪಿಂಚಣಿಗೂ ಕತ್ತರಿ ಹಾಕಿತು, ಕಂತು ನಿಂತಿತು. ಇಷ್ಟು ನಿನಗೆ ಗೊತ್ತು. ಎವ್ದೊಕಿಯಾ ಹೇಳಿದ ಉಳಿದದ್ದನ್ನು ಈಗ ಕೇಳು. ಪೇಟೆಯಲ್ಲಿ ಅವಳ ಆಫೀಸಿನ ಕಿಟಕಿ ಬಂದರಿನ ಕಡೆಗಿದೆ. ಅವಳು ಮಾತಾಡುವಷ್ಟು ಹೊತ್ತೂ ನಾನು ದೋಣಿಗಳನ್ನು ನೋಡುತ್ತಾ ಕೂತಿದ್ದೆ, ಯಾರದೋ ಮನೆಯ ಸುದ್ದಿ ಕೇಳುವವಳ ಹಾಗೆ.

“ಸೆವಸ್ತಿ ಅತ್ತೆ, ಸುಮ್ಮನೆ ಕೂತ್ರೆ ಮನೆ ಹರಾಜಿಗೆ ಹೋಗುತ್ತೆ. ಬ್ಯಾಂಕಿನವರ ಜೊತೆ ರಾಜಿ ಮಾಡ್ಕೊಳ್ಳೋಣ ಅಂದ್ರೆ, ಅವರು ಕೇಳೋ ದುಡ್ಡು ನಿಮ್ಮತ್ರ ಈ ಜನ್ಮಕ್ಕೆ ಹುಟ್ಟಲ್ಲ. ಇನ್ನೊಂದು ದಾರಿ ಇದೆ. ಇರೋ ಒಂದೇ ಮನೆ ಉಳಿಸ್ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕೋದು. ತಿಂಗಳಿಗೆ ನಿಮ್ಮ ಕೈಲಾದಷ್ಟು ಕಟ್ಟಿ ಅಂತಾರೆ, ಅಷ್ಟು ವರ್ಷ ತಪ್ಪದೆ ಕಟ್ಟಿದ್ರೆ ಮಿಕ್ಕಿದ್ದು ಮನ್ನಾ.”

“ಹಾಗಾದ್ರೆ ಹಾಕಮ್ಮ, ಇನ್ನೇನು ಯೋಚನೆ?” ಎಂದೆ.

“ಮನೆ ನಿಮ್ಮದಾಗಿದ್ರೆ ಇವತ್ತೇ ಹಾಕ್ತಿದ್ದೆ. ಕಾನೂನು ಸಾಲಗಾರನ ಮನೆ ಉಳಿಸುತ್ತೆ. ನಿಮ್ಮ ಹೆಸರಲ್ಲಿ ಸಾಲ ಇದೆ, ಮನೆ ಎಲ್ಲಿದೆ ಅತ್ತೆ?”

ಮನೆ ನಿನ್ನ ಹೆಸರಿನಲ್ಲಿದೆ. ಸಾಲ ತಂದ ಮೇಲೆ, ನಿನ್ನ ಮದುವೆಯ ಹಿಂದಿನ ವಾರ ಬರೆದುಕೊಟ್ಟಿದ್ದೆನಲ್ಲ. ಸಾಲ ತಪ್ಪಿಸಲು ಕೊಟ್ಟದ್ದು ಎಂದು ಬ್ಯಾಂಕಿನವರು ದಾವೆ ಹೂಡಿದ್ದಾರೆ. ಹಿರಿ ಮಗಳ ಮದುವೆಗೆ ತಾಯಿ ಮನೆ ಬರೆದುಕೊಡುವುದು ಈ ದ್ವೀಪದಲ್ಲಿ ಬ್ಯಾಂಕು ಹುಟ್ಟುವ ಮೊದಲಿನಿಂದಲೂ ಇದೆ, ಹೋಗಿ ಹೇಳು ಅವರಿಗೆ! ಅವರು ಗೆದ್ದರೆ ಹರಾಜು. ನೀನು ಸಾಲಗಾರಳಲ್ಲ, ಹಾಗಾಗಿ ಆ ಕಾನೂನು ನಿನ್ನ ನೆರವಿಗೆ ಬರುವುದಿಲ್ಲ. ನಾನು ಮನೆಯೊಡತಿಯಲ್ಲ, ನನ್ನ ನೆರವಿಗೂ ಬರುವುದಿಲ್ಲ.

ಆವತ್ತು ಪತ್ರ ಬರೆಯುವ ಮುದುಕ ನೋಟರಿ ಒಳ್ಳೆಯ ಮಾತನ್ನೇ ಆಡಿದ್ದ. “ಸಾಯೋವರೆಗೂ ಈ ಮನೇಲಿ ಇರೋ ಹಕ್ಕು ತಾಯಿಗೆ ಅಂತ ಒಂದು ಸಾಲು ಸೇರಿಸ್ಲೇನಮ್ಮ? ಅಥೆನ್ಸಲ್ಲಿ ಎಲ್ಲರೂ ಹಾಗೇ ಮಾಡ್ತಾರೆ” ಎಂದ. ನಾನು ಸಿಡುಕಿದೆ. “ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡ್ಕೊಳ್ಳೋಕೆ ನಾನೇನು ಅಥೆನ್ಸಿನವಳಾ?” ಎಂದೆ. ನಿನ್ನ ಅತ್ತೆ ಪಕ್ಕದಲ್ಲೇ ಕೂತಿದ್ದಳು ನೋಡು, ಅವಳ ಮುಂದೆ ಮೂಗು ಮೇಲೆ ಮಾಡಿದೆ. ಆ ಒಂದು ಸಾಲು ಇದ್ದಿದ್ದರೆ ನನಗೂ ಈ ಮನೆಯಲ್ಲಿ ಒಂದು ಪಾಲಿದೆ ಎಂದು ಎವ್ದೊಕಿಯಾ ಕೋರ್ಟಿನ ಬಾಗಿಲು ತಟ್ಟುತ್ತಿದ್ದಳು. ಜಂಬ ಮಾಡಿದ್ದಕ್ಕೆ ಈಗ ಅನುಭವಿಸುತ್ತಿದ್ದೇನೆ.

ಉಳಿದಿರುವುದು ಒಂದೇ. ಡಿಸೆಂಬರಿನಲ್ಲಿ ಸಂತ ನಿಕೊಲಾಸನ ಹಬ್ಬ ಕಳೆದು ಮರುವಾರ ಬ್ಯಾಂಕಿನ ದಾವೆ ಕೋರ್ಟಿಗೆ ಬರುತ್ತದೆ. ಅದಕ್ಕೆ ಮೊದಲು ನೀನು ಬಂದು ಮನೆಯನ್ನು ನನ್ನ ಹೆಸರಿಗೆ ಮರಳಿ ಬರೆದುಕೊಡಬೇಕು. “ಕೊಟ್ಟಿದ್ದು, ವಾಪಸ್ ತಗೊಂಡಿದ್ದು ಯಾವುದನ್ನೂ ಮುಚ್ಚಿಡಲ್ಲ. ಅರ್ಜೀಲಿ ನಾನೇ ಬರೀತೀನಿ. ಮುಚ್ಚಿಟ್ಟು ಸಿಕ್ಕಿಬಿದ್ರೆ ಎಲ್ಲಾ ಹೋಗುತ್ತೆ” ಎಂದಳು ಎವ್ದೊಕಿಯಾ. ಗೆಲ್ಲುತ್ತೀವಿ ಎಂದು ಅವಳು ಆಣೆ ಮಾಡಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ.

ಇಷ್ಟು ಸುಲಭದ ಕೆಲಸಕ್ಕೆ ಬೇಸಿಗೆಯಿಂದ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ಊರಿನವರ ಬಾಯಿಗೆ ಹೆದರಿದೆ ಎಂದುಕೋ. ಪಕ್ಕದ ಮನೆಯ ಮರೂಕ್ಲಾಗೆ ಗಾಳಿಯಲ್ಲೇ ಸುದ್ದಿ ಸಿಗುತ್ತದೆ. ಊರ ಒಲೆಯ ಹತ್ತಿರ, ಎಲ್ಲರೂ ಬ್ರೆಡ್ ಸುಡುತ್ತಿರುವಾಗ, “ಏನೇ ಸೆವಸ್ತಿ, ಮಗಳಿಗೆ ಕೊಟ್ಟ ಮನೇನ ವಾಪಸ್ ಕೇಳ್ತೀಯಂತೆ? ಅವಳಿಗೆ ಕುಡಿಸಿದ ಹಾಲೂ ವಾಪಸ್ ಕೇಳ್ಬಿಡು” ಎಂದಳು. “ಕೇಳ್ತೀನಿ, ನಿನ್ನತ್ರ ಇರೋ ನನ್ನ ಜರಡಿ ಮೊದಲು ಕೊಡು” ಎಂದೆ. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಅತ್ತುಬಿಟ್ಟೆ.

ಅತ್ತದ್ದು ಮರೂಕ್ಲಾಗಾಗಿ ಅಲ್ಲ. ಅವಳ ಬಾಯಿಗೆ ನಾನೆಂದೂ ಹೆದರಿದವಳಲ್ಲ, ನಿನಗೂ ಗೊತ್ತು.

ಈ ಮನೆ ನನಗೆ ಬರಬೇಕಾದದ್ದಲ್ಲ, ರಿಗೋ. ಇದು ನನ್ನಕ್ಕ ಕಲಿಯೋಪಿಗೆ ಸೇರಿದ ಮನೆ. ಹಿರಿಯಳು ಅವಳು, ಮದುವೆಯ ದಿನ ಅಮ್ಮ ಅವಳ ಸೊಂಟಕ್ಕೆ ಈಗ ನಿನ್ನ ಹತ್ತಿರವಿರುವ ಬೀಗದ ಕೈಯನ್ನೇ ಕಟ್ಟಿದಳು. ಎರಡು ಚಳಿಗಾಲ ಕಳೆಯುವುದರೊಳಗೆ ಅವಳ ಗಂಡ ಅವಳನ್ನು ಮಣ್ಣು ಮಾಡಿ ಬಂದು ಕೀಲಿಯನ್ನು ಅಮ್ಮನ ಅಂಗೈಯಲ್ಲಿಟ್ಟು ಹೊರಟುಹೋದ. ಮಗಳಿಗೆ ಕೊಟ್ಟ ಮನೆ ತಾಯಿಗೆ ಮರಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಕೈಯನ್ನು ಅಮ್ಮ ಬಹಳ ಹೊತ್ತು ಮಡಚಲೇ ಇಲ್ಲ.

ಈಗ ದಿನವೂ ಒಂದೇ ಕನಸು. ಸಮುದ್ರ ಮೆಟ್ಟಿಲು ಹತ್ತಿ ಒಳಗೆ ಬಂದಿರುತ್ತದೆ, ಮೊಣಕಾಲುದ್ದ, ಬೆಚ್ಚಗೆ, ಏನೂ ಹಾಳು ಮಾಡದೆ. ತಟ್ಟೆಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಅಮ್ಮ ಅವುಗಳನ್ನು ಒಂದೊಂದಾಗಿ ಹಿಡಿದು ಒರೆಸಿ ಗೋಡೆಗೆ ತೂಗುಹಾಕುತ್ತಾ, “ಎಲ್ಲಾನೂ ಸ್ವಲ್ಪ ಸರಿಸೇ ಸೆವಸ್ತಿ, ಇನ್ನೊಂದಕ್ಕೆ ಜಾಗ ಮಾಡು” ಎನ್ನುತ್ತಾಳೆ. ನೀನು ಬಾಗಿಲಲ್ಲಿ ನಿಂತಿರುತ್ತೀಯ. ಒಳಗೆ ಬರುತ್ತೀಯೋ ಹೊರಗೆ ಹೋಗುತ್ತೀಯೋ ತಿಳಿಯುವ ಮೊದಲೇ ಎಚ್ಚರವಾಗುತ್ತದೆ. ನನಗೆ ತುಂಬಾ ಭಯವಾಗಿದೆ ಮಗಳೇ. ಆದರೆ ಕನಸಿಗೆ ಹೆದರಿ ಮನೆಯನ್ನು ಹರಾಜಿಗೆ ಬಿಟ್ಟೆ ಎಂದರೆ ಅಮ್ಮ ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ?

ಬಾ. ಹಡಗು ಬುಧವಾರ ಬರುತ್ತದೆ, ಗಾಳಿ ಬಿಟ್ಟರೆ. ನಿನ್ನ ಗಂಡನನ್ನೂ ಕರೆದುಕೊಂಡು ಬಾ. ಹಿಟ್ಟು ಹೊಸೆದು, ಈರುಳ್ಳಿ ಬಾಡಿಸಿ ಹಾಕಿ ಮಕರೂನೆ ಮಾಡಿಡುತ್ತೇನೆ.

ನಿನ್ನ ಮನೆಯನ್ನು ಕಾಯುತ್ತಿರುವ
ಅಮ್ಮ, ಸೆವಸ್ತಿ

ಮತ್ತೆ ನೆನಪಾಯಿತು: ಮೊನ್ನೆ ಫೋನಿನಲ್ಲಿ ನೀನು ಕಾಫಿಯ ವಾಸನೆ ಬಂದರೇ ಓಕರಿಕೆ ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಕಲಿಯೋಪಿಗೂ ಬಸುರಿನ ಮೊದಲ ತಿಂಗಳುಗಳಲ್ಲಿ ಹಾಗೇ ಆಗಿತ್ತು. ಅವಳು ಹೋದದ್ದು ಹೆರಿಗೆಯಲ್ಲಿ. ಇದನ್ನು ನಿನ್ನಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಹಡಗು ಹತ್ತುವ ಮೊದಲು ಡಾಕ್ಟರನ್ನು ಕೇಳು. ಅವರು ಬೇಡವೆಂದರೆ ಅಲ್ಲಿಯ ನೋಟರಿಯ ಮುಂದೆ ಅಧಿಕಾರ ಪತ್ರಕ್ಕೆ ಸಹಿ ಹಾಕಿ ಕಳಿಸಿದರೂ ಸಾಕಂತೆ, ಎವ್ದೊಕಿಯಾಳನ್ನು ಕೇಳಿಟ್ಟಿದ್ದೇನೆ. ಬಂದರೆ ಎಲ್ಲಿ ಸಹಿ ಹಾಕು ಎನ್ನುತ್ತಾರೋ ಅಲ್ಲೆಲ್ಲ ಹಾಕು, ಕೋರ್ಟಿಗೆ ಬೇಕಾದದ್ದು ಕಾಗದ ತಾನೇ. ಬೀಗದ ಕೈಯನ್ನು ಮಾತ್ರ ನನ್ನ ಕೈಗೆ ಕೊಡಬೇಡ. ನಾನು ಬೇಡಿದರೂ ಕೊಡಬೇಡ. ನಾನು ಇಷ್ಟು ದಿನ ಬರೀ ಅಗುಳಿ ಹಾಕಿಕೊಂಡು ಮಲಗಿದವಳು, ಮುಂದೆಯೂ ಹಾಗೇ ಮಲಗುತ್ತೇನೆ. ಅದು ನಿನ್ನ ಸೊಂಟದಲ್ಲೇ ಇರಲಿ, ನನ್ನ ಹೆಸರು ಹೊತ್ತು ಹುಟ್ಟಲಿರುವ ಪುಟ್ಟ ಸೆವಸ್ತಿ ಅದನ್ನು ಹಿಡಿದು ಎಳೆಯುವಷ್ಟು ದೊಡ್ಡವಳಾಗುವವರೆಗೆ.