ಬೆಳ್ಳಿಯಮ್ಮನ ಹೆಸರು ಸೇರದ ಕತೆ

ಸೋಮನೂರು
14-11-1985, ಗುರುವಾರ

ಕೊಳ್ಳೇಗಾಲದ ನನ್ನ ಪ್ರೀತಿಯ ಪೆರಿಯನಾಯಕಿ ಅತ್ತೆಗೆ, ವಿಜಯಕುಮಾರಿಯ ನಮಸ್ಕಾರಗಳು.

ನೀವು ಕಲಿಸಿದ ಅಕ್ಷರಗಳಲ್ಲಿಯೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಆದರೆ ಇಲ್ಲಿನ ಶಾಲೆಯ ಓದೆಲ್ಲ ತಮಿಳಾದ್ದರಿಂದ ಕನ್ನಡ ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ಅಪ್ಪನ ಎದುರಿಗೆ ಕುಳಿತೇ ಅಪ್ಪನ ವಿಷಯವನ್ನೂ ಬರೆಯಬಲ್ಲೆ.

ನಿಮ್ಮ ತಾಯಿ ಹಾಸಿಗೆಯಿಂದ ಏಳುತ್ತಿಲ್ಲ. ಎಡಗೈ ಸಂಪೂರ್ಣ ಸೋತಿದೆ. ಡಾಕ್ಟರು ಔಷಧಿ ಬರೆದು, ಹೆಚ್ಚು ದಿನವಿಲ್ಲ ಎಂದು ಹೇಳಿ ಹೋದರು. ಅಜ್ಜಿಗೆ ಔಷಧಿಯ ಚಿಂತೆಯೇ ಇಲ್ಲ, ಇರುವುದು ಒಂದೇ ಆಸೆ. ಮಗ್ಗದ ಮರವನ್ನು ತಲೆಯ ಮೇಲೆ ಹೊತ್ತು ಹೊಳೆ ದಾಟಿ ಬಂದ ನಮ್ಮ ಮೂಲಪುರುಷನ ಕತೆಯನ್ನು ನೀವೂ ಕೇಳಿ ಬೆಳೆದವರು. ಕೊನೆಯಲ್ಲಿ ಈ ಮನೆಯ ಹಿರಿಯ ಸೊಸೆಯರ ಹೆಸರುಗಳು ಸಾಲಾಗಿ ಬರುತ್ತವೆ. ಆ ಸಾಲಿಗೆ ಕತೆಗಾರ ವೆಲ್ಲಿಂಗಿರಿ 'ಬೆಳ್ಳಿಯಮ್ಮ' ಎಂದು ಅಜ್ಜಿಯ ಹೆಸರನ್ನೂ ಸೇರಿಸಬೇಕು, ಅಜ್ಜಿ ತನ್ನ ಕಿವಿಯಿಂದಲೇ ಕೇಳಿ ಹೂಂಗುಟ್ಟಬೇಕು. ಕಣ್ಣು ಮುಚ್ಚಿದ ಮೇಲೆ ಸೇರಿಸುವ ಪದ್ಧತಿಯಿಲ್ಲ. ನಮ್ಮ ಕುಲಕ್ಕೆ ಬೇರೆ ಕತೆಗಾರನೂ ಇಲ್ಲ. ಆದರೆ ವೆಲ್ಲಿಂಗಿರಿ ಎರಡು ವರ್ಷದಿಂದ ನಮ್ಮ ಬೀದಿಗೆ ಕಾಲಿಟ್ಟಿಲ್ಲ.

ಕತೆಯೆಲ್ಲ ಅಷ್ಟು ನೆನಪಿರುವ ನೀನೇ ಏಕೆ ಹೇಳಬಾರದು ಎಂದು ಹಿಂದಿನ ಪತ್ರದಲ್ಲಿ ಕೇಳಿದ್ದಿರಿ. ತರಗತಿಗೆ ಮೊದಲಿಗಳಾದ ನನಗೂ ಅದೇನು ಮಹಾ ಎನ್ನಿಸಿತು. ಒಂದು ಸಾಲೂ ತಪ್ಪದಂತೆ, ವೆಲ್ಲಿಂಗಿರಿಯ ಏರಿಳಿತದಲ್ಲಿಯೇ ಆರಂಭಿಸಿದೆ. ಅಜ್ಜಿ ಒಂದು ಕಿವಿಯನ್ನು ಬಲಗೈಯಿಂದ ಮುಚ್ಚಿ, ಇನ್ನೊಂದನ್ನು ದಿಂಬಿಗೆ ಒತ್ತಿಕೊಂಡರು.

"ನಿಲ್ಸು ಅಮ್ಮಣಿ! ನಮ್ಮ ಕುಲದ ಕತೇನ ನಮ್ಮ ಬಾಯಲ್ಲೇ ಹೇಳ್ಕೊಳ್ಳೋದಾ? ಅದು ಜಂಬ. ಹೊರಗಿನ ಬಾಯಿ ಹೇಳಿದ್ರೇನೇ ಕತೆ."

ಗೊತ್ತಿರುವ ಉತ್ತರವನ್ನು ಹೇಳಬೇಡ ಎಂದು ಅದುವರೆಗೆ ಯಾರೂ ನನ್ನನ್ನು ತಡೆದಿರಲಿಲ್ಲ, ಅತ್ತೆ.

ಭಾನುವಾರ ನಾನೇ ವೆಲ್ಲಿಂಗಿರಿಯ ಮನೆಗೆ ಹೋದೆ. ಮುದುಕ ಗಡಬಡಿಸಿ ಎದ್ದ. ಅವನ ಮಗ ದಂಡಪಾಣಿ ಭುಜ ಹಿಡಿದು ಕೂರಿಸಿದ. ಎಂಟನೆಯ ತರಗತಿಯವರೆಗೆ ನನ್ನ ಸಹಪಾಠಿ, ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್.

"ಏನು ಫಸ್ಟ್ ರ‍್ಯಾಂಕು, ಇಷ್ಟು ದೂರ?" ಎಂದು ನಕ್ಕ. ಆಮೇಲೆ ನಗಲಿಲ್ಲ. "ನಮ್ಮಪ್ಪ ನಿಮ್ಮ ಜಗಲಿ ಕೆಳಗೆ ನಿಂತು ಗಂಟಲು ಹರ್ಕೊಂಡಿದ್ದು, ತೆಂಗಿನ ಚಿಪ್ಪಲ್ಲಿ ನೀರು ಕುಡಿದಿದ್ದು ಪೋದುಂ, ಸಾಕು. ಒಳಗೆ ಕೂರ್ಸಿ ಎಲೆ ಹಾಕ್ತೀರಾ? ಹಾಕೋದಾದ್ರೆ ಸೈಕಲ್‌ನಾಗೆ ನಾನೇ ಕರ್ಕೊಂಡು ಬರ್ತೀನಿ."

ಮನೆಗೆ ಬಂದು ಇದನ್ನು ಹೇಳಿದೆ. ಕೇಳಿದ ನಮ್ಮಪ್ಪ ಪವರ್‌ಲೂಮ್ ಶೆಡ್ಡಿಗೆ ಹೋದವರು ಊಟಕ್ಕೂ ಬರಲಿಲ್ಲ. ಬೀದಿಯವರು ಏನೆಂದಾರು ಎಂಬುದೊಂದೇ ಅವರ ವಾದ. ಕೊನೆಗೆ ಮಣಿದವರು, ನೀವು ನಂಬಲಾರಿರಿ, ಅಜ್ಜಿ. ವೆಲ್ಲಿಂಗಿರಿ ನಿಂತ ಜಾಗಕ್ಕೆ ನೀರು ಹಾಕಿಸುತ್ತಿದ್ದ ಅದೇ ಅಜ್ಜಿ.

"ಬರ್ಲಿ. ನನ್ನ ಮಂಚದ ಪಕ್ಕದಲ್ಲೇ ಕೂರ್ಲಿ. ಬೀದಿಯೋರು ಬಂದು ನನ್ನ ಹೆಸರು ಹೇಳ್ತಾರಾ?"

ನಾಳೆ ಬರುತ್ತಾರೆ. ಹಿರಿಯರಾರಿಂದಲೂ ಆಗದ್ದನ್ನು ಈ ಮನೆಯಲ್ಲಿ ನಾನು ಮಾಡಿಸಿದೆನೆಂದು ಹೇಳಿಕೊಂಡರೆ ನೀವು ಮನ್ನಿಸುವಿರಿ.

ಇಂತಿ, ನಿಮ್ಮ ಅಣ್ಣನ ಮಗಳು,
ವಿಜಯಕುಮಾರಿ

ಶುಕ್ರವಾರ ಸಂಜೆ, ಲಕೋಟೆ ಅಂಟಿಸುವ ಮುನ್ನ:

ವೆಲ್ಲಿಂಗಿರಿ ಬಂದರು. ಮಗ ತೋಳು ಹಿಡಿದು ಹೊಸ್ತಿಲು ದಾಟಿಸಿದ. ಮೊದಲು ಎಲೆ, ಆಮೇಲೆ ಕತೆ ಎಂದ. ಅಮ್ಮ ಬಡಿಸಿದರು. ಅಜ್ಜಿ ದಿಂಬಿಗೊರಗಿ ಕಾದರು. ವೆಲ್ಲಿಂಗಿರಿ ಉಣ್ಣುತ್ತ ಮಳೆಯ ವಿಷಯ, ಮೊಣಕಾಲಿನ ನೋವು ಎಲ್ಲವನ್ನೂ ಮಾತನಾಡಿದರು, ಕತೆಯನ್ನು ಮಾತ್ರ ಎತ್ತಲಿಲ್ಲ. ನಾನೇ ಕೇಳಿದೆ.

"ಒಳಗೆ ಕೂತು ಈ ಮನೆ ಅನ್ನ ಉಂಡೆನಲ್ಲ ಅಮ್ಮಣಿ. ಇನ್ನು ನಾನು ಹೊರಗಿನ ಬಾಯಿ ಅಲ್ಲ. ಎಂಗೆ ಹೇಳ್ಲಿ?" ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಇಷ್ಟು ಕಾಲ ಆದ್ಮೇಲೆ ಒಳಗೆ ಕರೆದ್ರಿ ತಾಯಿ. ಬೇಡ ಅನ್ನೋಕೆ ಮನಸು ಬರ್ಲಿಲ್ಲ."

ದಂಡಪಾಣಿ ತನ್ನ ಅಪ್ಪನ ಮೇಲೆ ಕೂಗಾಡಿದ. ಅಜ್ಜಿ ಅವನಿಗೆ ಸುಮ್ಮನಿರುವಂತೆ ಕೈ ಮಾಡಿದರು. ವೆಲ್ಲಿಂಗಿರಿಯವರ ಎಲೆಯತ್ತ ನೋಡಿದರು.

"ಅವ್ನಿಗೆ ಇನ್ನೊಂಚೂರು ಮೊಸರು ಹಾಕಿ," ಎಂದರು.

ಕತೆಯೆಲ್ಲ ಬಾಯಿಗೆ ಬರುವ ನಾನು ಒಳಗಿನಿಂದ ಮೊಸರು ತಂದೆ.