ಕೆಂಪು ಮಣ್ಣಿನ ಪಟ್ಟಿ

ಭರಮಣ್ಣಾ,

ಇಂದು ಶಾಲೆಯಲ್ಲಿ ಭೂಮಿಯ ಯುಗಗಳ ಪಾಠವಿತ್ತು. ಡೈನೋಸಾರ್‌ಗಳ ಯುಗ ಮುಗಿಯುವಾಗ ಹರಿದ ಲಾವಾರಸವೇ ನಮ್ಮೂರು ಪಾಲಬಾವಿಯ ಕರಿಕಲ್ಲು ಎಂದೆ. ತಸ್ಲೀಮ ಎದ್ದು ಕೇಳಿದಳು: "ಟೀಚರ್, ನಿಮ್ಮ ಹೊಲದ ಬಾವ್ಯಾಗ ಕರಿಕಲ್ಲಿನ ನಡುವ ಕೆಂಪು ಮಣ್ಣಿನ ಪಟ್ಟಿ ಐತಲ್ರಿ, ಅದೇನ್ರಿ?"

ಎರಡು ಲಾವಾ ಪದರಗಳ ನಡುವೆ ಸಾವಿರಾರು ವರ್ಷ ಬಿಸಿಲುಂಡ ನೆಲ ಅದು. ಅದು ಕಂಡರೆ ತೆಂಗಿನಕಾಯಿ ಒಡೆದು, ಆ ದಿನದ ಕೆಲಸ ನಿಲ್ಲಿಸಿ ಮೇಲೆ ಬರುವುದು ಬಾವಿ ತೋಡುವ ನಿಮ್ಮ ರೂಢಿ. ನಮ್ಮ ಬಾವಿಯಲ್ಲಿ ಅದು ಕಂಡ ದಿನ "ತಂಗೀ, ಕಾಯಿ ಕೆಳಗ ಬಿಡವಾ" ಎಂದು ನೀನು ಒಳಗಿನಿಂದ ಕೂಗಿದೆ. ನಾನು ಬಿಡಲಿಲ್ಲ. "ಅದರ ಕೆಳಗೂ ಕಲ್ಲೇ ಐತಿ, ಪುಸ್ತಕದಾಗ ಓದೇನಿ, ತೋಡು" ಎಂದೆ. ಪಟ್ಟಿ ಕುಸಿಯಿತು. ಸಂಜೆ ನಿನ್ನನ್ನು ಹಗ್ಗ ಕಟ್ಟಿ ಎತ್ತಿದಾಗ ಮೈಯೆಲ್ಲ ಕೆಂಪು ಮಣ್ಣಾಗಿತ್ತು, ಉಸಿರಿರಲಿಲ್ಲ.

ತಸ್ಲೀಮಳಿಗೆ ಮಾತ್ರ "ನನಗೆ ಗೊತ್ತಿಲ್ಲ" ಎಂದೆ.

ಆ ಕಾಯಿ ಇನ್ನೂ ನನ್ನ ಬಳಿಯೇ ಇದೆ. ಮನೆಗೆ ಬಂದು ಅಲುಗಾಡಿಸಿ ನೋಡಿದೆ. ಒಳಗಿನ ನೀರು ಬತ್ತಿದೆ.