ರಾಜಭವನದಲ್ಲಿ ನನ್ನ ಕಿರೀಟ

ಸೊಸೆ ವಿಜೇತಾಳಿಗೆ ಸೋದರಮಾವನ ಆಶೀರ್ವಾದ.

ಬೈಂದೂರಿನಲ್ಲಿ ರೈಲು ಹತ್ತಿದ ನಮ್ಮ ಮೇಳ ಉತ್ತರದ ಈ ರಾಜ್ಯದ ರಾಜಭವನದಲ್ಲಿ ಯಕ್ಷಗಾನ ಆಡಿತು. ಇಂಗ್ಲಿಷರ ಕಾಲದ ಗವರ್ನರ್, ಲಾಟ್ ಸಾಹೇಬರಿಗಾಗಿ ಕಟ್ಟಿದ ಮನೆ. ದೀಪದ ಗೊಂಚಲೇ ಯಡ್ತರೆಯ ನಮ್ಮ ಅಂಗಳದಷ್ಟಿದೆ! ಗೋಡೆ ತುಂಬ ಆ ಸಾಹೇಬರ ಪಟಗಳು. ಅವರ ಮುಂದೆ ಅರಸರೇ ತಲೆ ಬಗ್ಗಿಸುತ್ತಿದ್ದರಂತೆ.

ಆಟ ಮುಗಿದಾಗ ರಾಜ್ಯಪಾಲರೇ ರಂಗಕ್ಕೆ ಬಂದು ನನಗೆ ಶಾಲು ಹೊದಿಸಿದರು. ಪಕ್ಕದ ಅಧಿಕಾರಿ ನನಗೆ ಬಗ್ಗಲು ಸನ್ನೆ ಮಾಡಿದ. ಹಿಂದಿನಿಂದ ನಮ್ಮ ಭಾಗವತರು, "ಹ್ವಾಯ್, ಬಗ್ಗೂಕಾಗ! ತಲಿ ಮೇಲ್ ಕಿರೀಟ ಇತ್ತ್!" ಅಂದರು. ಕಿರೀಟ ಇಟ್ಟ ವೇಷ ಯಾರಿಗೂ ಬಗ್ಗಬಾರದೆಂಬುದು ನಮ್ಮ ಮೇಳದ ಕಟ್ಟಳೆಯಲ್ಲವೇ? ನೆಟ್ಟಗೆ ನಿಂತೆ. ರಾಜ್ಯಪಾಲರು ಕಿರೀಟವನ್ನೇ ನೋಡಿ, ನಕ್ಕು, ಕೈಮುಗಿದು ತಾವೇ ತಲೆ ಬಗ್ಗಿಸಿದರು. ಇಡೀ ರಾಜ್ಯದ ಆಜ್ಞೆ ಹೊರಡುವುದು ಅವರ ಹೆಸರಲ್ಲಿ ಮಾರಾಯ್ತಿ! ಆಟದವನಿಗೆ ಯಾರು ಮರ್ಯಾದೆ ಕೊಡುತ್ತಾರೆ ಎಂದು ನಗುವ ನಿನ್ನ ಅಪ್ಪನಿಗೆ ಮೊದಲು ಇದನ್ನು ಓದಿ ಹೇಳು.

ರೊಟ್ಟಿ ತಿಂದು ಹೊಟ್ಟೆ ಕಟ್ಟಿದೆ, ನಾನು ಬರುವ ದಿನ ಗಂಜಿ ಬೇಯಿಸಲು ಅಮ್ಮನಿಗೆ ಹೇಳು.

ವೇಷ ಕಟ್ಟುವ ಚೌಕಿಯಲ್ಲಿ ಕಿರೀಟ ಬಿಚ್ಚಿದವನೇ, ರಾಜ್ಯಪಾಲರು ಒಳಹೋದ ಬಾಗಿಲಿಗೆ ಹಣೆ ನೆಲಕ್ಕೆ ತಾಗುವಂತೆ ಅಡ್ಡಬಿದ್ದೆ. ಈ ಸಾಲನ್ನು ಮಾತ್ರ ಅಪ್ಪನಿಗೆ ಓದಬೇಡ.

ಕಾರ್ಡು ತುಂಬಿತು.
ಕುಷ್ಟ ಮಾವ